ಇಲಿಯಾಸನ ರಜೆಯ ಪಾಳಿ

ಜೂನ್ 3, 2024

ಬ್ರೂಸ್‌ಪೇಟೆಯ ಜೀನ್ಸ್ ಸಾಹುಕಾರರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಇದು. ಇಷ್ಟು ದಿನ ಹೊಲಿಗೆ ಮಿಷನ್ನಿನ ಪಕ್ಕದಲ್ಲಿ ಬಿದ್ದಿತ್ತು, ಇದರ ಮೇಲೆ ಕತ್ತರಿ ಇಡುತ್ತಿದ್ದೆ. ಇವತ್ತು ಬರೆಯಲು ಕೂತಿದ್ದೇನೆ, ಏಕೆಂದರೆ ನನ್ನ ಮನೆಯಲ್ಲಿ ಈಗ ಒಬ್ಬಳೇ ಗೊಣಗಿಕೊಳ್ಳುವ ಸುಖವೂ ಉಳಿದಿಲ್ಲ.

ನನ್ನ ಗಂಡ ಸಿದ್ದಲಿಂಗೇಶ್ ಮಿಲಿಟರಿಯಿಂದ ಬಂದಿದ್ದಾರೆ. ಈ ಸಲ ರಜೆಗಲ್ಲ. ಹನ್ನೆರಡು ವರ್ಷ ಸೇವೆ ಮಾಡಿ ನಾಯಕ್ ದರ್ಜೆಗೆ ಏರಿದವರು ಇವರು. ಬಲ ಮೊಣಕಾಲು ಕೆಟ್ಟಿದೆ, ಕೂತು ಮಾಡುವ ಕೆಲಸ ಖಾಲಿ ಇಲ್ಲ ಎಂದು ಕಳಿಸಿಬಿಟ್ಟರು. ಹದಿನೈದು ವರ್ಷ ತುಂಬಿದ್ದರೆ ಪಿಂಚಣಿ ಬರುತ್ತಿತ್ತು. ಸೇವೆಯಿಂದಲೇ ಕಾಲು ಹೋಯಿತು ಎಂದು ಮೆಡಿಕಲ್ ಬೋರ್ಡಿನ ಡಾಕ್ಟರುಗಳು ಬರೆದಿದ್ದರೂ ಬರುತ್ತಿತ್ತು. ಅವರು ಬರೆದದ್ದು, ಇದಕ್ಕೂ ಸೇವೆಗೂ ಸಂಬಂಧವಿಲ್ಲ, ವಯಸ್ಸಿನ ಸವೆತ ಎಂದು. ಮೂವತ್ಮೂರರ ಗಂಡಸಿಗೆ ವಯಸ್ಸಿನ ಸವೆತವಂತೆ. ಒಂದು ಇಡುಗಂಟು ಕೊಟ್ಟು ಕೈ ತೊಳೆದುಕೊಂಡರು.

ನನಗೆ ಬೋರ್ಡಿಗಿಂತ ಇವರ ಮೇಲೆಯೇ ಸಿಟ್ಟು. ಕೇಳಿದರೆ "ಆತು ಬಿಡು" ಎನ್ನುತ್ತಾರೆ. ಸಿರುಗುಪ್ಪದಲ್ಲಿರುವ ಅತ್ತೆ ಕೊಟ್ರಮ್ಮನವರಿಗೆ ಫೋನಿನಲ್ಲಿ, ನನಗೇ ಸಾಕಾಯಿತು, ಬಿಟ್ಟು ಬಂದೆ ಎಂದು ಸುಳ್ಳು ಹೇಳಿದರು. ಪಕ್ಕದಲ್ಲೇ ನಿಂತಿದ್ದ ನಾನು ಬಾಯಿ ಮುಚ್ಚಿಕೊಂಡಿದ್ದೆ. ಅದು ನನಗೆ ಒಗ್ಗದ ಕೆಲಸ.

ಜೂನ್ 11

ಬೆಳಿಗ್ಗೆ ಸಾಸಿವೆ ಡಬ್ಬಿ ಹುಡುಕಿದರೆ ಸಿಗಲಿಲ್ಲ. ಮಿಲಿಟರಿಯವರು ನನ್ನ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದ್ದಾರೆ. ಕೆಲಸವಿಲ್ಲದ ಬಡಗಿ ಮಗನ ಕುಂಡಿ ಕೆತ್ತಿದನಂತೆ. ಮದುವೆಯಾಗಿ ನಾಲ್ಕು ವರ್ಷವಾದರೂ ನಾವು ಕೂಡಿ ಇದ್ದದ್ದು ರಜೆಯಲ್ಲಿ ಮಾತ್ರ. ರಜೆಗೆ ಬಂದ ಗಂಡ ನೆಂಟ ಇದ್ದ ಹಾಗೆ, ಹೋಳಿಗೆ ಮಾಡಿ ಬಡಿಸಿದರೆ ಮುಗಿಯಿತು. ಈ ನೆಂಟರು ಹೋಗುವುದಿಲ್ಲ.

ಬಳ್ಳಾರಿ ಸತ್ಯನಾರಾಯಣಪೇಟೆಯ ಈ ಮಹಡಿ ಮೇಲಿನ ಬಾಡಿಗೆ ಮನೆಯನ್ನು ನಾನು ಒಬ್ಬಳೇ ಹುಡುಕಿ, ಒಬ್ಬಳೇ ಮಿಷನ್ನು ಏರಿಸಿ, ಒಬ್ಬಳೇ ನಡೆಸಿದ್ದೇನೆ. ಪ್ಯಾಂಟಿನ ಕಟ್ಟು ತರುವುದು, ಜಿಪ್ಪು ಹಾಕಿ ಜೇಬು ಹೊಲಿದು ವಾಪಸು ಕೊಡುವುದು, ಸಾಹುಕಾರರ ಹತ್ತಿರ ಕೂಲಿಗೆ ಜಗಳ ಆಡುವುದು, ಎಲ್ಲ ನನಗೆ ಬರುತ್ತದೆ. ಮನೆಯಲ್ಲಿ ಇಡೀ ದಿನ ಒಬ್ಬ ಗಂಡಸು ಕೂತಿದ್ದರೆ ಏನು ಮಾಡಬೇಕು ಎನ್ನುವುದು ಮಾತ್ರ ಬರುವುದಿಲ್ಲ.

ಜೂನ್ 24

ಇವರು ಮೆಟ್ಟಿಲು ಹತ್ತುವಾಗ ಯಾರಾದರೂ ಎದುರು ಬಂದರೆ ಫೋನ್ ತೆಗೆದು ನೋಡುತ್ತಾ ನಿಲ್ಲುತ್ತಾರೆ. ಮೊದಲು ನನಗೆ ಅದು ಮೊಬೈಲ್ ಹುಚ್ಚು ಅನಿಸಿತ್ತು. ಇವತ್ತು ಮೇಲಿನಿಂದ ಬಗ್ಗಿ ನೋಡಿದೆ, ಫೋನ್ ಆಫ್ ಆಗಿತ್ತು. ನೋವಾ ಎಂದು ಕೇಳಿದೆ. "ಠೀಕ್ ಐತಿ" ಅಂದರು. ಯಾವಾಗ ಕೇಳಿದರೂ ಇದೇ ಮಾತು.

ಜುಲೈ 8

ನಾನೇ ಇವರನ್ನು ಅರ್ಜಿ ಬರೆಸಲು ಎಳೆದುಕೊಂಡು ಹೋದೆ. ನಿವೃತ್ತ ಸುಬೇದಾರ್ ವಿರೂಪಾಕ್ಷಪ್ಪನವರು ಮಾಜಿ ಸೈನಿಕರಿಗೆ ಅರ್ಜಿ ಬರೆದುಕೊಡುತ್ತಾರೆ. ಬೋರ್ಡಿನ ತೀರ್ಮಾನದ ಮೇಲೆ ಆರು ತಿಂಗಳೊಳಗೆ ಮೇಲ್ಮನವಿ ಹಾಕಬಹುದಂತೆ. ಒಪ್ಪಿದರೆ ಬೆಂಗಳೂರಿನಲ್ಲಿ ಇನ್ನೊಂದು ಬೋರ್ಡು ಕೂರಿಸಿ ಹೊಸದಾಗಿ ನೋಡುತ್ತಾರಂತೆ.

ಕಾಗದಗಳನ್ನು ಓದಿ ಅವರು ಇವರಿಗೆ ಒಂದೇ ಪ್ರಶ್ನೆ ಹಾಕಿದರು. ಮೂರು ವರ್ಷದ ಹಿಂದೆ ಗಡಿಯ ಹಿಮದ ಪೋಸ್ಟಿನಲ್ಲಿ ಸಾಮಾನು ಹೊತ್ತು ಬರುವಾಗ ಬಿದ್ದೆ ಎನ್ನುತ್ತೀಯ, ಡಾಕ್ಟರಿಗೆ ತೋರಿಸಿದ್ದು ಎರಡು ತಿಂಗಳ ಮೇಲೆ, ನಡುವೆ ಏನು ಮಾಡುತ್ತಿದ್ದೆ? ಇವರು ಕೂತಲ್ಲೇ ಸೆಟೆದುಕೊಂಡು, ಆಗ ಅಷ್ಟೇನೂ ನೋವಿರಲಿಲ್ಲ ಸಾಹೇಬರೇ ಅಂದರು. ಬೋರ್ಡಿನ ಮುಂದೆಯೂ ಹೀಗೇ ಹೇಳಿದೆಯಾ ಎಂದರು ಅವರು. ಹೇಳಿದ್ದರಂತೆ. ಬೂಟಿಗೆ ಪಾಲಿಶ್ ಹೊಡೆದು, ಕಾಲು ಎಳೆಯದ ಹಾಗೆ ನಡೆದು ಹೋಗಿ, ಸಲ್ಯೂಟ್ ಹೊಡೆದು, ಕುಕ್ಕರಗಾಲಿನಲ್ಲಿ ಕೂರು ಎಂದರೆ ಹಲ್ಲು ಕಚ್ಚಿ ಕೂತಿದ್ದರಂತೆ. ಸಾಹೇಬರ ಮುಂದೆ ಕುಂಟುವುದು ಹೇಗೆ ಎಂದರು. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಇವರು ಝೆರಾಕ್ಸ್ ಮಾಡಿಸಲು ಹೊರಗೆ ಹೋದಾಗ ವಿರೂಪಾಕ್ಷಪ್ಪನವರು ನನಗೆ ಹೇಳಿದರು.

"ಪೋಸ್ಟಿನಾಗ ರಜಾ ಪಾಳಿ ಮ್ಯಾಲ ನಡೀತೈತಮ್ಮಾ. ಒಬ್ಬ ಬಿದ್ದ ಅಂದ್ರ ಅವನ್ನ ಕೆಳಗ ಇಳಿಸಬೇಕು. ಮಂದಿ ಕಡಿಮಿ ಬೀಳತಾರ, ಮುಂದಿನವನ ರಜಾ ನಿಂತು ಹೋಕ್ಕೈತಿ. ಅದಕ್ಕ ಜೋಡಿದಾರ ಹೋಗಿ ಬರೋ ಮಟ ನೋವು ನುಂಗಿಕೊಂಡು ಇರತಾರ. ಅವಾಗ ಯಾರ ಪಾಳಿ ಇತ್ತು, ಕೇಳು. ಅತ್ರ ಅಲ್ಲೇನು ತಾಯಿ ಸೈತ ಹಾಲು ಕುಡಸಾಕಿ."

ಜುಲೈ 9

ಕೇಳಿದೆ. ಸಕ್ಕರೆ ತರುತ್ತೇನೆ ಎಂದು ಹೊರಗೆ ಹೋದರು. ಸಕ್ಕರೆ ಡಬ್ಬಿ ತುಂಬಾ ಇತ್ತು.

ಜುಲೈ 30

ಸಾಹುಕಾರರು ಅವಸರದ ಆರ್ಡರ್ ಹೊರಿಸಿದ್ದಾರೆ. ಹೊಲಿದ ಪ್ಯಾಂಟಿನ ದಾರ ಕತ್ತರಿಸುವುದನ್ನು ಇವರು ತಾವಾಗಿಯೇ ಹಿಡಿದರು. ಒಂದು ಎಳೆಯೂ ಉಳಿಯದ ಹಾಗೆ ಕತ್ತರಿಸಿ, ಮಡಿಸಿ, ಗೆರೆ ಎಳೆದಂತೆ ಜೋಡಿಸುತ್ತಾರೆ. ಈ ಚೆಂದಕ್ಕೆ ಯಾರೂ ಹೆಚ್ಚಿಗೆ ಕೊಡುವುದಿಲ್ಲ ಎಂದು ನಕ್ಕೆ. ಅವರೂ ನಕ್ಕರು. ಸಂಜೆ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಂದರು. ಮೇಲ್ಮನವಿಯ ವಿಷಯ ಇಬ್ಬರೂ ಎತ್ತಲಿಲ್ಲ.

ಆಗಸ್ಟ್ 18

ಇಲಿಯಾಸ್ ಬಂದಿದ್ದ. ಸಿರಿಗೇರಿಯವನು, ಇವರ ಪಲ್ಟನ್ನಿನಲ್ಲೇ ಇದ್ದಾನೆ, ರಜೆಗೆ ಬಂದಿದ್ದಾನೆ. ಒಂದು ಚೀಲ ಶೇಂಗಾ ತಂದು ಬಾಗಿಲಲ್ಲೇ ಇವರನ್ನು ಅಪ್ಪಿಕೊಂಡ. ಇವರು ಅಷ್ಟು ಮಾತಾಡಿದ್ದನ್ನು ನಾನು ನೋಡಿಯೇ ಇರಲಿಲ್ಲ. ಲಂಗರ್ ಎನ್ನುವ ಪಲ್ಟನ್ನಿನ ಅಡುಗೆಮನೆಯ ಸುಟ್ಟ ರೊಟ್ಟಿ, ಹೆಪ್ಪುಗಟ್ಟಿದ ಹಾಲು, ಯಾವನೋ ಹವಾಲ್ದಾರನ ಗೊರಕೆ, ಎಲ್ಲ ಬಂತು.

ಊಟಕ್ಕೆ ಕೂತಾಗ ಅವನು ತನ್ನ ತಂದೆ ಲಾಲಸಾಬರ ಮಾತು ತೆಗೆದ. "ನಾ ಬಂದ ವಾರಕ್ಕ ಅಬ್ಬಾ ಹೋದ, ಅತ್ತಿಗಿ. ನನ್ನ ತೊಡಿ ಮ್ಯಾಲ ತಲಿ ಇಟ್ಟು ಹೋದ. ಅವತ್ತು ನನ್ನ ಪಾಳಿ ತಪ್ಪಿದ್ರ ಮಣ್ಣು ಕೊಡಾಕ ಸೈತ ಸಿಗತಿರಲಿಲ್ಲ" ಅಂದ.

ಯಾವಾಗ ಅದು ಎಂದು ಕೇಳಿದೆ. ಮೂರು ವರ್ಷದ ಹಿಂದಿನ ಚಳಿಗಾಲ ಎಂದ. ನಾನು ಇವರ ಮುಖ ನೋಡಿದೆ. ಇವರು ತಟ್ಟೆ ಬಿಟ್ಟು ಎದ್ದು, ಸಾರು ಬಿಸಿ ಮಾಡುತ್ತೇನೆ ಎಂದು ಒಳಗೆ ಹೋದರು. ಸಾರು ಹಬೆಯಾಡುತ್ತಿತ್ತು.

ಆಗಸ್ಟ್ 19

ಇಲಿಯಾಸನಿಂದ ಒಂದು ಹೇಳಿಕೆ ಬರೆಸಿಕೊಂಡರೆ ಸಾಕು, ಪಲ್ಟನ್ನಿನವನೇ ಸಾಕ್ಷಿ ಹೇಳಿದರೆ ಬೋರ್ಡು ನಂಬುತ್ತದೆ ಎಂದೆ. ಇವರಿಗೆ ಇಂಥ ಸಿಟ್ಟು ಬಂದದ್ದನ್ನು ನಾನು ಕಂಡಿಲ್ಲ. ದನಿ ಏರಿಸಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು.

"ಅಪ್ಪನ ಸಾವು ನೆನಸಿದಾಗೆಲ್ಲ ಅವಗ ಒಂದ ಸಮಾಧಾನ ಐತಿ, ಹತ್ತರ ಇದ್ನಿ ಅಂತ. ಅದರಾಗ ನನ್ನ ಮೊಣಕಾಲು ತಂದು ಇಡತೀಯೇನು? ಅವಗ ಹೇಳಬ್ಯಾಡ ಅರುಣಾ."

ನಾನೂ ಬಿಡಲಿಲ್ಲ. ಅವನ ಸಮಾಧಾನಕ್ಕೆ ನಾವು ಜೀವನಪೂರ್ತಿ ದಂಡ ಕಟ್ಟಬೇಕೇ ಎಂದೆ. ಇವರು ಕತ್ತರಿ ಹಿಡಿದು ಕೂತರು. ಬಿಸಿ ತುಪ್ಪದ ಗತಿ ನನ್ನದು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಸೆಪ್ಟೆಂಬರ್ 2

ಇಲಿಯಾಸನ ರಜೆ ಮುಗಿಯುತ್ತಾ ಬಂತು. ಅತ್ತೆಯನ್ನು ನೋಡಿ ಬರುತ್ತೇನೆ ಎಂದು ಸಿರುಗುಪ್ಪಕ್ಕೆ ಹೋದೆ. ಅಲ್ಲಿಂದ ಬಸ್ಸು ಹತ್ತಿ ಸಿರಿಗೇರಿಯಲ್ಲಿ ಇಳಿದೆ. ಇವರಿಗೆ ಹೇಳಿರಲಿಲ್ಲ.

ಇಲಿಯಾಸ್ ಮನೆಯಲ್ಲಿರಲಿಲ್ಲ, ಅವನ ತಾಯಿ ನೂರಜಹಾನ್ ಇದ್ದರು. ಚಹಾ ಕೊಟ್ಟು ಪಡಸಾಲೆಯ ಮಂಚದ ಮೇಲೆ ಕೂರಿಸಿದರು. ಇದೇ ಮಂಚದ ಮೇಲೆ ಲಾಲಸಾಬರು ಹೋದದ್ದಂತೆ. ತಿಂಗಳಿನಿಂದ ಏನೂ ಮುಟ್ಟದಿದ್ದ ಮನುಷ್ಯ ಮಗ ಬಂದ ಮೇಲೆ ಅವನ ಕೈಯಿಂದ ಮೂರು ದಿನ ಅನ್ನ ತಿಂದರಂತೆ. ಅವರು ಅದನ್ನು ನಗುತ್ತಾ ಹೇಳಿದರು.

ಹೇಳಿಕೆ ಕೇಳಲೆಂದೇ ಹೋಗಿದ್ದೆ. ಬ್ರೂಸ್‌ಪೇಟೆಯ ಸಾಹುಕಾರರ ಗಂಟಲಿನಿಂದ ಕೂಲಿ ಕೀಳುವವಳು ನಾನು, ಆ ಹೆಂಗಸಿನ ಮುಂದೆ ಮೂಕಿಯಾಗಿಬಿಟ್ಟೆ. ಸುಮ್ಮನೆ ಬಂದೆ, ಈ ಕಡೆ ಬಂದಿದ್ದೆನಲ್ಲ ಎಂದೆ. ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ನಿಂಬೆಕಾಯಿ ಉಪ್ಪಿನಕಾಯಿ ಕಟ್ಟಿಕೊಟ್ಟರು. ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಅತ್ತುಬಿಟ್ಟೆ.

ಸೆಪ್ಟೆಂಬರ್ 3

ಇವರಿಗೆ ಹೇಳಿದೆ, ಹೋದದ್ದೂ, ಕೇಳದೆ ಬಂದದ್ದೂ. ಬೈಯುತ್ತಾರೆ ಎಂದುಕೊಂಡಿದ್ದೆ. ಊಟಕ್ಕೆ ಕೂತಾಗ ಆ ಉಪ್ಪಿನಕಾಯಿಯನ್ನು ಮೊದಲು ನನ್ನ ತಟ್ಟೆಗೆ ಹಾಕಿದರು. ಅದೇ ಇವರ ಭಾಷೆ ಎಂದು ಈಗೀಗ ತಿಳಿಯುತ್ತಿದೆ.

ಸೆಪ್ಟೆಂಬರ್ 5

ಇಲಿಯಾಸ್ ಬಂದ. ಚಪ್ಪಲಿ ಬಿಟ್ಟವನು ಕೂರಲಿಲ್ಲ.

"ಬಳ್ಳಾರಿಯಿಂದ ಹೆಣ್ಣಮಗಳು ಬರೇ ಚಾ ಕುಡಿಯಾಕ ಬರಂಗಿಲ್ಲ, ಹೋಗಿ ಕೇಳು ಅಂದ್ಳು ಅಮ್ಮಿ. ಅಣ್ಣಾ, ನಾ ರಜಾಕ್ಕ ಇಳಿಯೋ ಮುಂಚೆ ನೀ ಮಂಜಿನಾಗ ಜಾರಿದ್ದಿ. ನಾ ಕೈ ಚಾಚಿದೆ, ನೀ ನಕ್ಕೋತ ಎದ್ದಿ. ಕಾಲು ಹೋಗಿದ್ದು ಅವತ್ತೇನು?"

ಇವರು ನನ್ನನ್ನು ನೋಡಿದರು. ನಾನು ತಲೆ ಅಲ್ಲಾಡಿಸಿದೆ, ನಾನು ಹೇಳಿಲ್ಲ ಎಂದು. ಹೊರಗೆ ತರಕಾರಿ ಗಾಡಿಯವನು ಕೂಗಿಕೊಂಡು ಹೋದ. ಆಮೇಲೆ ಇವರು "ಅವತ್ತ" ಅಂದರು.

ಇಲಿಯಾಸ್ ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟ. ಅವನು ಅಳುತ್ತಾನೆ ಎಂದು ನಾನು ನೀರು ತಂದೆ. ಅವನಿಗೆ ಬಂದದ್ದು ಸಿಟ್ಟು. "ನಿನ್ನ ಕಾಲಿನ ಮ್ಯಾಲ ನಾ ಊರಿಗೆ ಬಂದೀನಿ ಅಂತ ನನಗ ಗೊತ್ತಾಗಬಾರದೇನು? ಹೇಳಿದ್ರ ನಾನೂ ಒಂದೀಟು ಹೊರತಿದ್ದೆ. ನನಗ ಹೊರಾಕ ಬರಂಗಿಲ್ಲ ಅಂದ್ಕೊಂಡಿ" ಅಂದ. ನಾನು ಅವರಿಬ್ಬರನ್ನೇ ಬಿಟ್ಟು ಅಡುಗೆಮನೆಗೆ ಹೋದೆ.

ಸೆಪ್ಟೆಂಬರ್ 9

ವಿರೂಪಾಕ್ಷಪ್ಪನವರ ಮುಂದೆ ಇಲಿಯಾಸ್ ಹೇಳಿಕೆ ಬರೆದುಕೊಟ್ಟ. ಪೋಸ್ಟಿನಲ್ಲಿ ಇವರ ಕಾಲಿಗೆ ಪಟ್ಟಿ ಕಟ್ಟಿ ನೋವಿನ ಗುಳಿಗೆ ಕೊಡುತ್ತಿದ್ದ ನರ್ಸಿಂಗ್ ಸಹಾಯಕನ ಹೆಸರನ್ನೂ ಇವರು ಹೇಳಿದರು, ಆ ಮನುಷ್ಯನಿಗೂ ಪತ್ರ ಹೋಗುತ್ತದೆ. ಮೇಲ್ಮನವಿ ಟಪಾಲಿಗೆ ಬಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡನು, ಕಾಯಬೇಕು ಎಂದರು ವಿರೂಪಾಕ್ಷಪ್ಪನವರು.

ಅಕ್ಟೋಬರ್ 14

ದಸರೆಗೆ ತವರುಮನೆ ಕುರುಗೋಡಿಗೆ ಹೋಗಿದ್ದೆವು. ನನ್ನ ಅಪ್ಪ ಉಚ್ಚೆಂಗೆಪ್ಪ ಅಳಿಯನಿಗೆ ಕುಂಟುವ ಪಾಠ ಮಾಡಿದ. ಬೋರ್ಡಿನ ಮುಂದೆ ಹೇಗೆ ಹೋಗಬೇಕು ಎಂದು ಅಂಗಳದಲ್ಲಿ ಎರಡು ಸುತ್ತು ಕುಂಟಿ ತೋರಿಸಿದ. ಮೊದಲ ಸುತ್ತು ಬಲಗಾಲು, ಎರಡನೆಯ ಸುತ್ತು ಎಡಗಾಲು. ಇವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ, ನಾಟಕ ಬೇಡ ಮಾವಾ, ಇದ್ದದ್ದನ್ನು ಹೇಳಲು ಕಲಿತರೆ ಸಾಕು ಎಂದರು. ಬರುವಾಗ ಬಸ್ಸಿನಲ್ಲಿ ಜಾಗ ಸಿಗಲಿಲ್ಲ. ಇವರೇ ಒಬ್ಬ ಕಾಲೇಜು ಹುಡುಗಿಗೆ, ಕಾಲು ನೋಯುತ್ತದೆ ತಂಗಿ, ಸ್ವಲ್ಪ ಜಾಗ ಕೊಡವ್ವಾ ಎಂದು ಕೇಳಿ ಕೂತರು. ನಮ್ಮ ಮನೆಗೆ ಬಂದಾಗ ಕತ್ತಲಾಗಿತ್ತು.

ಜನವರಿ 6, 2025

ಹೊಸ ಡೈರಿ ಸಿಕ್ಕಿದೆ, ಆದರೂ ಇದರಲ್ಲೇ ಬರೆಯುತ್ತೇನೆ, ಜೂನಿಗೆ ಮೊದಲಿನ ಹಾಳೆಗಳೆಲ್ಲ ಖಾಲಿ ಇವೆ. ಚಳಿಗೆ ಇವರ ಕಾಲು ಬೆಳಿಗ್ಗೆ ಮಡಚಿಕೊಳ್ಳುವುದಿಲ್ಲ. ಬಿಸಿನೀರಿನ ಚೀಲ ಇಟ್ಟು, ಎದ್ದು ನಿಲ್ಲುವವರೆಗೆ ಊರ ಮಾತು ಆಡುತ್ತೇವೆ. ಜೀನ್ಸ್ ಗೋದಾಮಿನಲ್ಲಿ ಸರಕು ಪರೀಕ್ಷಿಸುವ ಕೆಲಸ ಇವರಿಗೆ ಸಿಕ್ಕಿದೆ, ಕೂತು ಮಾಡುವಂಥದ್ದು. ಡಬ್ಬಿಗಳು ಎತ್ತರದ ಪ್ರಕಾರವೇ ಇವೆ, ಹುಡುಕುವುದು ಸುಲಭ.

ಫೆಬ್ರುವರಿ 19

ಬೆಂಗಳೂರು. ಆಸ್ಪತ್ರೆಯ ಹತ್ತಿರದ ಲಾಡ್ಜಿನಲ್ಲಿದ್ದೇವೆ. ಮೇಲ್ಮನವಿ ಒಪ್ಪಿ ಕರೆಸಿದ್ದರು, ಇವತ್ತು ಬೋರ್ಡು ಮುಗಿಯಿತು.

ಒಳಗೆ ನನ್ನನ್ನು ಬಿಡಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಬೆಳಿಗ್ಗೆ ಬೂಟಿಗೆ ಪಾಲಿಶ್ ಹಚ್ಚಿದ್ದನ್ನು ನೋಡಿ, ಮತ್ತೆ ಅದೇ ಕಥೆ ಎಂದುಕೊಂಡಿದ್ದೆ. ಇವರು ಹೊರಗೆ ಬಂದು ಪಕ್ಕದಲ್ಲಿ ಕೂತು ನಿಧಾನವಾಗಿ ಹೇಳಿದರು. ಮೂವರು ಡಾಕ್ಟರು ಇದ್ದರಂತೆ. ಕುಕ್ಕರಗಾಲಿನಲ್ಲಿ ಕೂರು ಎಂದರಂತೆ. ಇವರು ಅರ್ಧ ಬಗ್ಗಿ, ಇದಕ್ಕಿಂತ ಕೆಳಗೆ ಆಗುವುದಿಲ್ಲ ಎಂದರಂತೆ. ಹಿಂದಿನ ಬೋರ್ಡಿನಲ್ಲಿ ಕೂತಿದ್ದೆಯಲ್ಲ ಎಂದು ಹಿರಿಯ ಡಾಕ್ಟರು ಕೇಳಿದರಂತೆ. ಕೂತಿದ್ದೆ, ಅವತ್ತು ರಾತ್ರಿಯೆಲ್ಲ ಎದ್ದು ನಿಲ್ಲಲಾಗಲಿಲ್ಲ, ಅದನ್ನು ಹೇಳಲಿಲ್ಲ ಎಂದರಂತೆ. ಎರಡು ತಿಂಗಳು ಯಾಕೆ ಮುಚ್ಚಿಟ್ಟೆ ಎಂದದ್ದಕ್ಕೆ ಪಾಳಿಯ ಕಥೆಯನ್ನೆಲ್ಲ ಹೇಳಿದರಂತೆ. ಆ ಡಾಕ್ಟರು ಪೆನ್ನು ಕೆಳಗಿಟ್ಟು, ತಾನೂ ಅಂಥ ಪೋಸ್ಟಿನಲ್ಲಿ ಒಂದು ಚಳಿಗಾಲ ಕಳೆದಿದ್ದೇನೆ ಎಂದಷ್ಟೇ ಹೇಳಿದರಂತೆ.

ಏನಾಗುತ್ತದೋ ಗೊತ್ತಿಲ್ಲ. ನನಗೆ ಇವರನ್ನು ಕಂಡು ಹೆಮ್ಮೆಯಾಯಿತು. ಅದನ್ನು ಇವರಿಗೆ ಹೇಳಿಯೂಬಿಟ್ಟೆ.

ಮೇ 22

ಬೋರ್ಡಿನ ತೀರ್ಮಾನ ಇನ್ನೂ ಬಂದಿಲ್ಲ. ಬಿಸಿಲು. ಇವರು ಗೋದಾಮಿನಿಂದ ಬರುವುದು ತಡವಾದರೆ ಮನೆ ಭಣಭಣ ಎನ್ನುತ್ತದೆ.

ಜುಲೈ 27

ನಿನ್ನೆ ಮಿಲಿಟರಿಯ ರೆಕಾರ್ಡ್ ಆಫೀಸಿನ ಲಕೋಟೆ ಬಂತು. ಮೊಣಕಾಲು ಸೇವೆಯಿಂದಲೇ ಹೋದದ್ದು ಎಂದು ಒಪ್ಪಿದ್ದಾರೆ. ಅಂಗವೈಕಲ್ಯದ ಪಿಂಚಣಿ ಬರುತ್ತದೆ. ಇವರು ಮೊದಲು ಇಲಿಯಾಸನಿಗೆ ಫೋನ್ ಮಾಡಿದರು, ಅವನು ಪೋಸ್ಟಿನಲ್ಲಿದ್ದಾನೆ, ಸಿಗಲಿಲ್ಲ. ನೂರಜಹಾನರಿಗೆ ಹೇಳಿದೆವು. ಇವತ್ತು ಭಾನುವಾರ, ಇಬ್ಬರೂ ಸಿರುಗುಪ್ಪಕ್ಕೆ ಬಂದೆವು.

ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಪಿಂಚಣಿ ಮಂಜೂರಾಯಿತು ಎಂದಷ್ಟೇ ಇವರು ಹೇಳಿದರು. ಬಿಟ್ಟು ಬಂದವನಿಗೆ ಯಾಕೆ ಕೊಡುತ್ತಾರೆ, ಕಾಗದದಲ್ಲಿ ಏನು ಬರೆದಿದ್ದಾರೆ ಹೇಳು ಎಂದು ಅತ್ತೆ ನನ್ನನ್ನು ಕೇಳಿದರು. ನಾನು ಇವರನ್ನು ನೋಡಿದೆ. ಇವರು ಹೇಳು ಎಂದು ಕಣ್ಣಲ್ಲೇ ಅಂದರು. ಬಿದ್ದದ್ದು, ಮುಚ್ಚಿಟ್ಟದ್ದು, ಮನೆಗೆ ಕಳಿಸಿದ್ದು, ಬೆಂಗಳೂರಿಗೆ ಹೋದದ್ದು, ಎಲ್ಲವನ್ನೂ ಹೇಳಿದೆ. ಅತ್ತೆ ಹಂಚಿನ ಮೇಲಿದ್ದ ರೊಟ್ಟಿಯನ್ನು ತಿರುವಿ, ಬೇಯಿಸಿ, ತೆಗೆದಿಟ್ಟು, ಒಲೆ ಆರಿಸಿದರು.

"ಇಲಿಯಾಸಗ ಹೇಳಿದಿ. ಬೆಂಗಳೂರಿನ ಡಾಕ್ಟರಗೋಳಿಗೆ ಹೇಳಿದಿ. ನಿನಗ ನೋವು ಐತಿ ಅಂತ ಸರ್ಕಾರಕ್ಕೂ ಗೊತ್ತಾತು. ಹಡದಾಕಿಗೆ ಯಾವಾಗ ಹೇಳಾಂವ ಇದ್ದಿ, ಸಿದ್ದಾ?"

ಇವರು ಕಾಲು ನೀಡಿಕೊಂಡು ಅವರ ಪಕ್ಕ ನೆಲದ ಮೇಲೆ ಕೂತರು. "ನೋಯತೈತಿ ಯವ್ವಾ" ಅಂದರು. ಅತ್ತೆ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಮೊಣಕಾಲಿನ ಮೇಲೆ ಇಟ್ಟು, ಎಲ್ಲಿ ಎಂದು ಕೇಳಿದರು. ಇವರು ಇಲ್ಲಿ ಎಂದರು. ಇನ್ನೆಲ್ಲಿ ಎಂದರು ಅತ್ತೆ. ಇವರು ಒಂದೊಂದೇ ಜಾಗ ತೋರಿಸುತ್ತಾ ಹೋದರು, ಸೊಂಟ, ಹಿಮ್ಮಡಿ, ಬೆನ್ನಿನ ಎಡಭಾಗ. ಅದರಲ್ಲಿ ಕೆಲವು ನನಗೂ ಗೊತ್ತಿರಲಿಲ್ಲ.